ಸಂಗ್ರಾಹಕನ ನಂತರ ಸಂಗ್ರಹ ಯಾರದು?

ಬೆಂಗಳೂರಿನಿಂದ ಕನಕಪುರದ ಕಡೆಗೆ ಹೋಗುವ ರಸ್ತೆಯಲ್ಲಿ ತಾತಗುಣಿ ಎಂಬ ಹಳ್ಳಿಯಿದೆ. ಅಲ್ಲಿ ನಾನೂರ ಅರವತ್ತಕ್ಕೂ ಹೆಚ್ಚು ಎಕರೆಯ ಒಂದು ತೋಟ. ರಷ್ಯಾದಲ್ಲಿ ಹುಟ್ಟಿ ಭಾರತವನ್ನೇ ಮನೆ ಮಾಡಿಕೊಂಡ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಭಾರತೀಯ ಬೆಳ್ಳಿತೆರೆಯ ಮೊದಲ ತಾರೆಯರಲ್ಲಿ ಒಬ್ಬರಾದ ದೇವಿಕಾ ರಾಣಿ ತಮ್ಮ ಬದುಕಿನ ಕೊನೆಯ ದಶಕಗಳನ್ನು ಕಳೆದದ್ದು ಇಲ್ಲಿ. ಸುಗಂಧ ತೈಲ ಕೊಡುವ ಲಿನಲೋ ಮರಗಳನ್ನು ಬೆಳೆಸಿದ್ದೂ ಇಲ್ಲಿಯೇ. ತೋಟದ ಜೊತೆಗೆ ಅವರ ಬಳಿ ಚಿತ್ರಗಳಿದ್ದವು, ಕಲಾವಸ್ತುಗಳಿದ್ದವು, ಒಡವೆಗಳಿದ್ದವು. ಮಕ್ಕಳು ಮಾತ್ರ ಇರಲಿಲ್ಲ.

1993ರ ಜನವರಿಯಲ್ಲಿ ರೋರಿಕ್ ತೀರಿಕೊಂಡರು. 1994ರ ಮಾರ್ಚ್‌ನಲ್ಲಿ ದೇವಿಕಾ ರಾಣಿಯೂ ಕಣ್ಮುಚ್ಚಿದರು. ಆಮೇಲೆ ಶುರುವಾದದ್ದು ಕಲೆಯ ಕಥೆಯಲ್ಲ, ಕೋರ್ಟಿನ ಕಥೆ. ಜಮೀನು ತನಗೆ ಮಾರಾಟವಾಗಿದೆ ಎಂದು ಖಾಸಗಿ ಕಂಪನಿಯೊಂದು ಹಕ್ಕು ಮಂಡಿಸಿತು. ಚಿತ್ರಗಳು ಮತ್ತು ಇತರ ವಸ್ತುಗಳು ಚದುರಿಹೋಗುವ ಆತಂಕ ಎದುರಾಯಿತು. ಕೊನೆಗೆ ಕರ್ನಾಟಕದ ಶಾಸನಸಭೆ ಈ ಒಂದು ಆಸ್ತಿಗಾಗಿಯೇ 1996ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಎಸ್ಟೇಟನ್ನೂ ಕಲಾವಸ್ತುಗಳನ್ನೂ ಸರ್ಕಾರದ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಕಾಯ್ದೆಯನ್ನು ಪ್ರಶ್ನಿಸಿದ ವ್ಯಾಜ್ಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ತನಕ ಹೋಯಿತು. 2011ರ ಆಗಸ್ಟ್‌ನಲ್ಲಿ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಕಲಾವಿದ ತೀರಿಕೊಂಡು ಅಷ್ಟರಲ್ಲಿ ಹದಿನೆಂಟು ವರ್ಷಗಳಾಗಿದ್ದವು.

ರೋರಿಕ್ ದಂಪತಿ ಹೆಸರಾಂತರು. ಅವರ ಸಂಗ್ರಹಕ್ಕಾಗಿ ಒಂದು ಸರ್ಕಾರ ಕಾಯ್ದೆ ಮಾಡಿತು. ಆದರೆ ನಾಣ್ಯ, ಅಂಚೆಚೀಟಿ, ತಾಳೆಗರಿ, ಹಳೆಯ ಗ್ರಾಮಫೋನ್ ತಟ್ಟೆ, ಕಂಚಿನ ದೀಪ, ಮೈಸೂರು ಶೈಲಿಯ ಚಿತ್ರ, ಮೊದಲ ಮುದ್ರಣದ ಪುಸ್ತಕ ಎಂದು ಇಡೀ ಆಯುಷ್ಯವನ್ನೇ ಕೂಡಿಸಿಟ್ಟ ಸಾಮಾನ್ಯ ಸಂಗ್ರಾಹಕರಿಗಾಗಿ ಯಾವ ಶಾಸನಸಭೆಯೂ ಕೂರುವುದಿಲ್ಲ. ಅವರ ಪಾಲಿಗೆ ಇರುವುದು ಅವರೇ ಬರೆದಿಟ್ಟ ಕಾಗದ ಮಾತ್ರ. ಆ ಕಾಗದವೂ ಇಲ್ಲದಿದ್ದರೆ ಮುಂದಿನ ತೀರ್ಮಾನ ಹೆಚ್ಚಾಗಿ ಹಳೆ ಪೇಪರ್ ಅಂಗಡಿಯ ತಕ್ಕಡಿಯದೇ ಆಗುತ್ತದೆ.

ಹೊಲ, ಮನೆಯಂತಲ್ಲ

ಹೊಲ, ಮನೆ, ಬ್ಯಾಂಕಿನ ಠೇವಣಿ ಇವುಗಳನ್ನು ಹಂಚಿಕೊಳ್ಳುವುದು ಕಷ್ಟವಾದರೂ ಅಸಾಧ್ಯವಲ್ಲ. ಹತ್ತು ಎಕರೆಯನ್ನು ಇಬ್ಬರಿಗೆ ಐದೈದರಂತೆ ಪಾಲು ಮಾಡಬಹುದು, ಎರಡು ಪಾಲಿಗೂ ಬೆಲೆ ಇರುತ್ತದೆ. ಸಂಗ್ರಹದ ಲೆಕ್ಕ ಹಾಗಲ್ಲ. ಒಂದು ಅರಸು ಮನೆತನದ ನಾಣ್ಯಗಳನ್ನು ಕಾಲಾನುಕ್ರಮವಾಗಿ ಜೋಡಿಸಿಟ್ಟಾಗ ಅದು ಇತಿಹಾಸದ ಆಕರ. ಅದನ್ನೇ ಮೂರು ಮಕ್ಕಳು ಹಿಡಿಹಿಡಿ ಹಂಚಿಕೊಂಡರೆ ಉಳಿಯುವುದು ಲೋಹದ ಬೆಲೆ, ಇಲ್ಲವೆಂದರೆ ಬಿಡಿ ನಾಣ್ಯದ ಬೆಲೆ.

ಎರಡನೆಯ ಕಷ್ಟ ಇದಕ್ಕಿಂತ ದೊಡ್ಡದು. ಹೊಲದ ವಿವರ ಪಹಣಿಯಲ್ಲಿರುತ್ತದೆ, ಮನೆಯ ವಿವರ ಕ್ರಯಪತ್ರದಲ್ಲಿರುತ್ತದೆ. ಸಂಗ್ರಹದ ವಿವರ ಇರುವುದು ಸಂಗ್ರಾಹಕನ ತಲೆಯಲ್ಲಿ. ಯಾವ ಪ್ರತಿ ಅಪರೂಪದ್ದು, ಯಾವುದು ನಕಲು, ಯಾವುದನ್ನು ಯಾರಿಂದ ಎಷ್ಟಕ್ಕೆ ತಂದದ್ದು, ಯಾವುದು ಸ್ನೇಹಿತರೊಬ್ಬರು ನೋಡಲೆಂದು ಕೊಟ್ಟು ಹಿಂದಕ್ಕೆ ಪಡೆಯದೆ ಉಳಿದದ್ದು ಎಂಬುದೆಲ್ಲ ಅವನೊಬ್ಬನಿಗೇ ಗೊತ್ತು. ಅವನು ಹೋದ ದಿನ ಆ ತಿಳಿವಳಿಕೆಯೂ ಹೋಗುತ್ತದೆ. ಮನೆಯವರ ಕಣ್ಣಿಗೆ ಉಳಿಯುವುದು ದೂಳು ಹಿಡಿದ ಪೆಟ್ಟಿಗೆಗಳು. ಅಪ್ಪನ ಹವ್ಯಾಸಕ್ಕೆ ಮನೆಯ ಒಂದು ಕೋಣೆಯನ್ನೂ ಸಂಬಳದ ಒಂದು ಪಾಲನ್ನೂ ಬಿಟ್ಟುಕೊಟ್ಟವರಿಗೆ ಆ ಪೆಟ್ಟಿಗೆಗಳ ಮೇಲೆ ಅಷ್ಟೇನೂ ಪ್ರೀತಿ ಇಲ್ಲದಿರುವುದೂ ಸಹಜವೇ.

ಹೈದರಾಬಾದಿನ ಎರಡು ಪಾಠ

ಬರೆದಿಡದೆ ಹೋದರೆ ಏನಾಗುತ್ತದೆ, ಬರೆದಿಟ್ಟರೂ ಏನಾಗಬಹುದು ಎಂಬುದಕ್ಕೆ ಹೈದರಾಬಾದಿನಲ್ಲಿ ಎರಡು ದೊಡ್ಡ ಉದಾಹರಣೆಗಳಿವೆ.

ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ತಮ್ಮ ಸಂಪತ್ತನ್ನೆಲ್ಲ ಕಲಾವಸ್ತುಗಳ ಮೇಲೆ ಸುರಿದವರು. ಮದುವೆಯಾಗಿರಲಿಲ್ಲ. 1949ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ದಿವಾನ್ ದೇವಡಿ ಅರಮನೆಯ ತುಂಬ ಇದ್ದ ಗ್ರಂಥ, ಗಡಿಯಾರ, ದಂತದ ಕೆತ್ತನೆ, ಚಿತ್ರ, ಶಿಲ್ಪಗಳಿಗೆ ನೇರ ವಾರಸುದಾರರು ಇರಲಿಲ್ಲ. ಸಂಗ್ರಹ ಒಡೆಯದಂತೆ ಸರ್ಕಾರ ಮಧ್ಯೆ ಬಂತು. 1951ರ ಡಿಸೆಂಬರ್‌ನಲ್ಲಿ ಪ್ರಧಾನಿ ನೆಹರೂ ಅದೇ ಅರಮನೆಯಲ್ಲಿ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಬಂಧುಗಳೊಂದಿಗೆ ರಾಜಿಯಾಗಿ ಹಕ್ಕಿನ ಪ್ರಶ್ನೆ ಇತ್ಯರ್ಥವಾಗಲು ಮತ್ತೆ ಹಲವು ವರ್ಷ ಬೇಕಾಯಿತು. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಸಂಗ್ರಹ ಬಂದದ್ದು 1968ರಲ್ಲಿ. ಇಲ್ಲಿ ಸಂಗ್ರಹ ಉಳಿಯಿತು. ಆದರೆ ಅದು ಉಳಿದದ್ದು ಸಂಗ್ರಾಹಕನ ಮುಂದಾಲೋಚನೆಯಿಂದಲ್ಲ, ಗಾತ್ರ ಮತ್ತು ಖ್ಯಾತಿ ಸರ್ಕಾರದ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿದ್ದುದರಿಂದ.

ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹಾಗೆ ಬಿಟ್ಟು ಹೋಗಲಿಲ್ಲ. 1951 ಮತ್ತು 1952ರಲ್ಲಿ ತಮ್ಮ ಒಡವೆಗಳಿಗಾಗಿ ಎರಡು ಟ್ರಸ್ಟ್‌ಗಳನ್ನು ಮಾಡಿದರು. 1967ರಲ್ಲಿ ಅವರು ನಿಧನರಾದರು. ಟ್ರಸ್ಟಿಗಳು ಒಡವೆಗಳನ್ನು ಮಾರಲು ಹೊರಟಾಗ ಅವು ದೇಶ ಬಿಟ್ಟು ಹೋಗಬಾರದು ಎಂಬ ಕೂಗು ಎದ್ದಿತು. ಬೆಲೆಯ ಬಗ್ಗೆ ವರ್ಷಗಟ್ಟಲೆ ವ್ಯಾಜ್ಯ, ಮಾತುಕತೆ ನಡೆದವು. ಕೊನೆಗೆ 1995ರಲ್ಲಿ ಭಾರತ ಸರ್ಕಾರ ಜೇಕಬ್ ವಜ್ರವೂ ಸೇರಿದಂತೆ 173 ಒಡವೆಗಳನ್ನು 218 ಕೋಟಿ ರೂಪಾಯಿಗೆ ಕೊಂಡಿತು. ಟ್ರಸ್ಟ್ ಇದ್ದುದರಿಂದಲೇ ಒಡವೆಗಳು ಅಷ್ಟು ಕಾಲ ಒಟ್ಟಿಗೆ ಉಳಿದವು. ಮಾರುವವರು ಯಾರು, ಕೊಳ್ಳುವವರು ಯಾರು, ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆಗಳನ್ನು ಮಾತ್ರ ಟ್ರಸ್ಟ್ ಪತ್ರವೊಂದೇ ಬಿಡಿಸಲಾರದು ಎಂಬುದೂ ಇದರಿಂದ ತಿಳಿಯಿತು.

ಉಯಿಲು ಎಂಬ ಕಾಗದ

ಉಯಿಲು ಬರೆಯದೆ ಹಿಂದೂ ಗಂಡಸೊಬ್ಬರು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಯಾರ್ಜಿತ ಆಸ್ತಿ ಮೊದಲಿಗೆ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಮತ್ತು ತಾಯಿಗೆ ಸಮಪಾಲಾಗಿ ಹೋಗುತ್ತದೆ. ಚಿತ್ರವಾದರೂ ನಾಣ್ಯವಾದರೂ ನಿಯಮ ಒಂದೇ. ಅದರಲ್ಲಿ ಆಸಕ್ತಿ ಯಾರಿಗಿದೆ, ಕಾಪಾಡುವವರು ಯಾರು ಎಂದು ಕಾಯ್ದೆ ಕೇಳುವುದಿಲ್ಲ.

ಉಯಿಲಿಗೆ ಕಾನೂನು ಕೇಳುವುದು ಹೆಚ್ಚೇನಿಲ್ಲ. ಬರೆಯುವವರು ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು. ಸಹಿ ಮಾಡಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಬಂದಾಗ ಅನುಕೂಲ. ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಲು ಸಹ 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಉಯಿಲಿನಿಂದ ಲಾಭ ಪಡೆಯುವವರನ್ನೇ ಸಾಕ್ಷಿ ಮಾಡದಿರುವುದು ಲೇಸು. ಮುಸ್ಲಿಮರ ವೈಯಕ್ತಿಕ ಕಾನೂನಿನಲ್ಲಿ, ವಾರಸುದಾರರ ಒಪ್ಪಿಗೆ ಇಲ್ಲದಿದ್ದರೆ, ಉಯಿಲಿನ ಮೂಲಕ ಕೊಡಬಹುದಾದದ್ದು ಆಸ್ತಿಯ ಮೂರನೆಯ ಒಂದು ಭಾಗ ಮಾತ್ರ ಎಂಬುದನ್ನೂ ನೆನಪಿಡಬೇಕು.

ಸಂಗ್ರಾಹಕರ ಉಯಿಲಿನಲ್ಲಿ ಮುಖ್ಯವಾದದ್ದು ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರುವ ವ್ಯಕ್ತಿಯ ಆಯ್ಕೆ. ಮನೆಯ ಹಿರಿಯ ಮಗನೇ ಆಗಬೇಕೆಂದಿಲ್ಲ. ಸಂಗ್ರಹದ ಬೆಲೆ ಬಲ್ಲ, ವಯಸ್ಸಿನಲ್ಲಿ ಕಿರಿಯರಾದ, ಮನೆಯವರಿಗೂ ವಿಶ್ವಾಸವಿರುವ ಒಬ್ಬರನ್ನು ಹೆಸರಿಸಬಹುದು. ಮನೆ, ಹಣದ ಜವಾಬ್ದಾರಿ ಒಬ್ಬರಿಗೆ, ಸಂಗ್ರಹದ ಜವಾಬ್ದಾರಿ ಇನ್ನೊಬ್ಬರಿಗೆ ವಹಿಸುವುದೂ ಸಾಧ್ಯ. ‘ನನ್ನ ಪುಸ್ತಕಗಳನ್ನು ಒಳ್ಳೆಯ ಗ್ರಂಥಾಲಯಕ್ಕೆ ಕೊಡಬೇಕು’ ಎಂಬಂಥ ವಾಕ್ಯ ಸದಾಶಯವಷ್ಟೇ. ಯಾವ ಗ್ರಂಥಾಲಯ, ಅದು ಒಲ್ಲೆ ಎಂದರೆ ಎರಡನೆಯದು ಯಾವುದು, ಸಾಗಿಸುವ ಖರ್ಚು ಯಾವ ಹಣದಿಂದ ಎಂಬುದನ್ನು ಬರೆದಾಗ ಮಾತ್ರ ಅದು ಉಯಿಲಿನ ವಾಕ್ಯವಾಗುತ್ತದೆ.

ಮೊದಲು ಪಟ್ಟಿ

ಉಯಿಲಿಗಿಂತ ಮೊದಲು ಆಗಬೇಕಾದ ಕೆಲಸ ಪಟ್ಟಿ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಒಂದು ಛಾಯಾಚಿತ್ರ, ಅಳತೆ, ಎಲ್ಲಿಂದ ಯಾವಾಗ ಬಂತು, ಎಷ್ಟು ಕೊಟ್ಟದ್ದು, ಈಗ ಎಲ್ಲಿದೆ. ಸಾಧಾರಣ ನೋಟ್ ಪುಸ್ತಕವಾದರೂ ಸಾಕು. ಬಿಲ್, ರಸೀದಿ, ಮಾರಿದವರ ಪತ್ರ ಇದ್ದರೆ ಅದೇ ಸಂಖ್ಯೆಯಡಿ ಸೇರಿಸಿಡಬೇಕು. ವಸ್ತುವಿನ ಪೂರ್ವಚರಿತ್ರೆ ಗೊತ್ತಿದ್ದರೆ ಅದರ ಬೆಲೆಯೂ ಗೌರವವೂ ಹೆಚ್ಚು. ಗೊತ್ತಿಲ್ಲದಿದ್ದರೆ ಯಾವುದೋ ದೇವಸ್ಥಾನದಿಂದ ಕಳುವಾದ ವಿಗ್ರಹವಿರಬಹುದೇ ಎಂಬ ಅನುಮಾನಕ್ಕೆ ವಾರಸುದಾರರು ಉತ್ತರ ಹೇಳಬೇಕಾಗುತ್ತದೆ.

ಪಟ್ಟಿಯ ಒಂದು ಪ್ರತಿ ಮನೆಯಿಂದ ಹೊರಗೆ ಇರಬೇಕು. ಬೆಂಕಿ, ನೆರೆ, ಗೆದ್ದಲು ಸಂಗ್ರಹದ ಜೊತೆಗೆ ಪಟ್ಟಿಯನ್ನೂ ತಿನ್ನುತ್ತವೆ. ಪಟ್ಟಿಯನ್ನು ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಇಟ್ಟವರು ಅದರ ಪಾಸ್‌ವರ್ಡ್ ಯಾರಿಗೆ ಗೊತ್ತಿರಬೇಕು ಎಂಬುದನ್ನೂ ಯೋಚಿಸಬೇಕು. ಎರವಲು ತಂದ ವಸ್ತುಗಳಿದ್ದರೆ ಬೇರೆ ಬರೆದಿಡಬೇಕು. ಬೇರೆಯವರ ತಾಳೆಗರಿ ತನ್ನ ಉಯಿಲಿನಲ್ಲಿ ಸೇರಿಹೋಗುವುದು ಸಂಗ್ರಾಹಕನಿಗೆ ಶೋಭೆಯಲ್ಲ.

ಬಿಟ್ಟುಹೋಗಬಹುದಾದದ್ದು, ಬಿಟ್ಟುಹೋಗಲಾಗದ್ದು

ಕೆಲವು ವಸ್ತುಗಳಿಗೆ ಉಯಿಲಿಗಿಂತ ದೊಡ್ಡ ಕಾನೂನುಗಳಿವೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಕಳೆದ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ವಸ್ತು ಮೊದಲಾದವು ಪ್ರಾಚ್ಯವಸ್ತು. ಮಹತ್ವವುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷವಾದರೆ ಸಾಕು. ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳಂಥ ಗೊತ್ತುಪಡಿಸಿದ ವರ್ಗಗಳನ್ನು ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ಅವು ಕೈ ಬದಲಾಯಿಸಿದಾಗ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಖಾಸಗಿಯವರು ಇಂಥ ವಸ್ತುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿರುವ ಕನ್ನಡದ ಮನೆಗಳಿಗೆ ಈ ಕೊನೆಯ ಮಾತು ಮುಖ್ಯ. ಅಜ್ಜನ ಕಾಲದ, ನೂರು ದಾಟಿದ ಮೈಸೂರು ಚಿತ್ರ ಉಯಿಲಿನ ಮೂಲಕ ಮಗಳ ಸ್ವತ್ತಾಗಬಹುದು, ಆದರೆ ಅದನ್ನು ಅವಳ ಕ್ಯಾಲಿಫೋರ್ನಿಯಾದ ಮನೆಯ ಗೋಡೆಗೆ ತೂಗುಹಾಕಲು ಆಗುವುದಿಲ್ಲ. ಅದನ್ನು ಇಲ್ಲಿಯೇ ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಬೇಕು. ಇನ್ನು ಕೆಲವು ಕಲಾವಿದರ ಕೃತಿಗಳಿಗೆ ವಯಸ್ಸಿನ ಲೆಕ್ಕವೂ ಇಲ್ಲ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಮೊದಲಾದವರ ಕೃತಿಗಳು ಕಲಾನಿಧಿ ಎಂದು ಘೋಷಿತವಾಗಿವೆ. ಸ್ವೆತೊಸ್ಲಾವ್ ಅವರ ತಂದೆ ನಿಕೊಲಾಸ್ ರೋರಿಕ್ ಅವರ ಹೆಸರೂ ಆ ಪಟ್ಟಿಯಲ್ಲಿದೆ. ಇವನ್ನು ದೇಶದೊಳಗೆ ಕೊಳ್ಳಬಹುದು, ಮಾರಬಹುದು, ಹೊರಗೆ ಕಳಿಸುವಂತಿಲ್ಲ.

ಮಲೆನಾಡು, ಕೊಡಗು, ಮೈಸೂರಿನ ಹಳೆಯ ಮನೆಗಳ ಗೋಡೆಯ ಮೇಲಿರುವ ಕಾಡುಕೋಣದ ತಲೆ, ಹುಲಿಯ ಚರ್ಮ, ಆನೆಯ ದಂತದ ಕಥೆ ಇನ್ನೂ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇವಕ್ಕೆ ಒಡೆತನದ ಪ್ರಮಾಣಪತ್ರ ಇರಬೇಕು. ಮಾರುವಂತಿಲ್ಲ. ಪ್ರಮಾಣಪತ್ರವಿರುವ ಇಂಥ ವಸ್ತು ವಾರಸಿನಿಂದ ಬಂದರೆ ತೊಂಬತ್ತು ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಪ್ರಮಾಣಪತ್ರ ಇಲ್ಲದ್ದನ್ನು ಉಯಿಲಿನಲ್ಲಿ ಬರೆದರೆ ಮಕ್ಕಳಿಗೆ ಕೊಟ್ಟದ್ದು ಆಸ್ತಿಯಲ್ಲ, ಮೊಕದ್ದಮೆ.

ಬರಹಗಾರರ ಪತ್ರ, ದಿನಚರಿ, ಹಸ್ತಪ್ರತಿಗಳನ್ನು ಕೂಡಿಟ್ಟವರು ಇನ್ನೊಂದು ಭೇದ ತಿಳಿದಿರಬೇಕು. ಕಾಗದದ ಒಡೆತನ ಬೇರೆ, ಅದರಲ್ಲಿ ಬರೆದದ್ದರ ಹಕ್ಕುಸ್ವಾಮ್ಯ ಬೇರೆ. ಕೊಂಡುತಂದ ಪತ್ರವನ್ನು ಅಚ್ಚುಹಾಕುವ ಹಕ್ಕು ಸಂಗ್ರಾಹಕನಿಗೆ ಬಂದಿರುವುದಿಲ್ಲ. ಆದರೆ ಬರಹಗಾರ ತಾನೇ ತನ್ನ ಅಪ್ರಕಟಿತ ಹಸ್ತಪ್ರತಿಯನ್ನು ಉಯಿಲಿನಲ್ಲಿ ಒಬ್ಬರಿಗೆ ಕೊಟ್ಟರೆ, ಬೇರೆ ರೀತಿ ಬರೆದಿರದ ಪಕ್ಷದಲ್ಲಿ, ಹಕ್ಕುಸ್ವಾಮ್ಯವೂ ಅದರೊಂದಿಗೆ ಹೋಯಿತೆಂದೇ ಕಾನೂನು ತಿಳಿಯುತ್ತದೆ.

ತೆರಿಗೆಯ ಲೆಕ್ಕ

ಭಾರತದಲ್ಲಿ ಮರಣದ ಮೇಲಿನ ಎಸ್ಟೇಟ್ ಸುಂಕ 1985ರಲ್ಲಿ ರದ್ದಾಯಿತು. ಸಂಪತ್ತು ತೆರಿಗೆ 2015ರಲ್ಲಿ ಹೋಯಿತು. ಹೀಗಾಗಿ ಚಿತ್ರವೊಂದು ವಾರಸಿನಿಂದ ಬಂದ ಮಾತ್ರಕ್ಕೆ ತೆರಿಗೆ ಇಲ್ಲ. ಮಾರಿದಾಗ ಇದೆ. ಚಿತ್ರ, ಶಿಲ್ಪ, ಕಲಾಕೃತಿ, ಪುರಾತತ್ವ ಸಂಗ್ರಹಗಳನ್ನು ಮನೆಬಳಕೆಯ ವಸ್ತುಗಳೆಂದು ಬಿಡದೆ ಬಂಡವಾಳ ಆಸ್ತಿಯೆಂದೇ ಎಣಿಸಬೇಕೆಂದು 2007ರಲ್ಲಿ ಕಾನೂನು ತಿದ್ದುಪಡಿಯಾಯಿತು. ಲಾಭದ ಲೆಕ್ಕಕ್ಕೆ ಬೇಕಾಗುವುದು ಮೂಲ ಸಂಗ್ರಾಹಕ ಕೊಟ್ಟ ಬೆಲೆ. ನೋಟ್ ಪುಸ್ತಕದ ಪಟ್ಟಿ ಮತ್ತೆ ಕೆಲಸಕ್ಕೆ ಬರುವುದು ಇಲ್ಲಿ.

ಮಕ್ಕಳಿಗೆ ಆಸಕ್ತಿಯಿಲ್ಲ, ಶಿಷ್ಯನಿಗಿದೆ ಎಂದು ಬದುಕಿರುವಾಗಲೇ ಶಿಷ್ಯನಿಗೆ ಚಿತ್ರಗಳನ್ನು ಕೊಡುವವರಿದ್ದಾರೆ. ಒಳ್ಳೆಯ ಮನಸ್ಸೇ. ಆದರೆ ಬಂಧುವಲ್ಲದವರಿಗೆ ಹಾಗೆ ಕೊಟ್ಟದ್ದರ ಮೌಲ್ಯ ವರ್ಷದಲ್ಲಿ 50,000 ರೂಪಾಯಿ ಮೀರಿದರೆ ಪಡೆದವನ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಅದೇ ಚಿತ್ರ ಉಯಿಲಿನ ಮೂಲಕ ಬಂದರೆ ಆ ತೆರಿಗೆ ಇಲ್ಲ.

ಕಣ್ಣಮುಂದೆಯೇ ಕೊಡುವುದು

ಸಾರ್ವಜನಿಕ ಸಂಸ್ಥೆಗೆ ಕೊಡುವುದಾದರೆ ಬದುಕಿರುವಾಗಲೇ ಕೊಡುವುದು ಮೇಲು ಎಂಬುದಕ್ಕೆ ಪುಣೆಯ ದಿನಕರ ಕೇಳ್ಕರ್ ಸಾಕ್ಷಿ. ಕನ್ನಡಕದ ವ್ಯಾಪಾರಿಯೂ ಕವಿಯೂ ಆಗಿದ್ದ ಅವರು ದೀಪ, ಅಡಕತ್ತರಿ, ವಾದ್ಯ, ಬಾಗಿಲು, ಅಡುಗೆ ಪಾತ್ರೆ ಎಂದು ಜನರ ದಿನಬಳಕೆಯ ವಸ್ತುಗಳನ್ನು ಊರೂರು ಸುತ್ತಿ ಕೂಡಿಸಿದರು. ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಸಂಗ್ರಹಾಲಯಕ್ಕೆ ಇಟ್ಟರು. 1975ರಲ್ಲಿ ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಆಮೇಲೂ ಹದಿನೈದು ವರ್ಷ ಬದುಕಿ 1990ರಲ್ಲಿ ನಿಧನರಾದರು. ಕೊಟ್ಟದ್ದನ್ನು ಸರಿಯಾಗಿ ಇಡುವುದನ್ನು ನೋಡಲು, ಯಾವುದು ಏನೆಂದು ಹೇಳಲು ಅವರಿಗೆ ಸಮಯ ಸಿಕ್ಕಿತು. ವಾರಸುದಾರ ಮಗನಿಲ್ಲದ ಮನೆಯ ಸಂಗ್ರಹ ಆ ಮಗನ ಹೆಸರಿನಲ್ಲೇ ಊರಿನದಾಯಿತು.

ನಮ್ಮಲ್ಲಿ ಮಣಿಪಾಲದ ವಿಜಯನಾಥ ಶೆಣೈ ಟ್ರಸ್ಟಿನ ದಾರಿ ಹಿಡಿದರು. ಕರಾವಳಿ ಮತ್ತು ಇತರೆಡೆಯ ಕೆಡವಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದ ಅವರ ಹಸ್ತಶಿಲ್ಪ ಪರಂಪರೆ ಗ್ರಾಮ 2017ರಲ್ಲಿ ಅವರು ತೀರಿಕೊಂಡ ಮೇಲೂ ಟ್ರಸ್ಟಿನ ಕೈಯಲ್ಲಿ ಉಳಿದಿದೆ. ಖಾಸಗಿ ಟ್ರಸ್ಟ್ ಮಾಡಿ ಆಸ್ತಿಯನ್ನು ಎಂದೆಂದಿಗೂ ಕಟ್ಟಿಹಾಕಲು ಕಾನೂನು ಬಿಡುವುದಿಲ್ಲ, ಸಾರ್ವಜನಿಕ ದತ್ತಿಗೆ ಆ ಮಿತಿಯಿಲ್ಲ. ಆದರೆ ವಸ್ತುಗಳನ್ನು ಮಾತ್ರ ಕೊಟ್ಟು ಹಣ ಕೊಡದ ಟ್ರಸ್ಟ್ ಬಹಳ ದಿನ ಬಾಳುವುದಿಲ್ಲ. ಕಾವಲು, ವಿದ್ಯುತ್, ಗೆದ್ದಲಿನ ಔಷಧಿ, ಸೋರುವ ಮಾಡು ಇವಕ್ಕೆ ಪ್ರತಿ ತಿಂಗಳೂ ದುಡ್ಡು ಬೇಕು.

ಸಂಸ್ಥೆಗಳೂ ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವುದಿಲ್ಲ. ಜಾಗವಿಲ್ಲ, ಸಿಬ್ಬಂದಿಯಿಲ್ಲ, ಅದೇ ಪುಸ್ತಕದ ಪ್ರತಿಗಳು ಆಗಲೇ ಇವೆ ಎನ್ನುವುದು ನೆಪವಲ್ಲ, ನಿಜ. ಎಲ್ಲವನ್ನೂ ಒಂದೇ ಕೋಣೆಯಲ್ಲಿ ನನ್ನ ಹೆಸರಿನಲ್ಲಿ ಇಡಬೇಕು, ಒಂದನ್ನೂ ಕದಲಿಸಬಾರದು ಎಂಬ ಷರತ್ತು ಹಾಕಿದರೆ ಬಾಗಿಲು ಇನ್ನಷ್ಟು ಬೇಗ ಮುಚ್ಚುತ್ತದೆ. ಪಟ್ಟಿಯನ್ನು ಮೊದಲೇ ಕಳಿಸಿ, ಏನು ಬೇಕು ಏನು ಬೇಡ ಎಂದು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ದಾನಪತ್ರದೊಂದಿಗೆ ಹಸ್ತಾಂತರಿಸುವುದು ಸರಿಯಾದ ಕ್ರಮ. ಉಳಿದದ್ದನ್ನು ಬೇರೆ ಸಂಗ್ರಾಹಕರಿಗೆ ಮಾರುವುದೂ ತಪ್ಪಲ್ಲ. ಬಲ್ಲವರ ಕೈ ಸೇರಿದ ವಸ್ತು ಉಳಿಯುತ್ತದೆ, ಮನೆಯವರಿಗೂ ನಾಲ್ಕು ಕಾಸು ಸಿಗುತ್ತದೆ.

ಮನೆಯವರ ಪಾಲನ್ನು ಮರೆಯದೆ ನಾಡಿಗೆ ಕೊಟ್ಟ ದೊಡ್ಡ ಉದಾಹರಣೆ ಲಂಡನ್ನಿನದು. ವೈದ್ಯ ಹ್ಯಾನ್ಸ್ ಸ್ಲೋನ್ 71,000ಕ್ಕೂ ಹೆಚ್ಚು ವಸ್ತುಗಳನ್ನು ಬಿಟ್ಟು 1753ರಲ್ಲಿ ತೀರಿಕೊಂಡಾಗ, ತನ್ನ ವಾರಸುದಾರರಿಗೆ 20,000 ಪೌಂಡ್ ಕೊಟ್ಟರೆ ಸಂಗ್ರಹವೆಲ್ಲ ರಾಷ್ಟ್ರಕ್ಕೆ ಎಂದು ಉಯಿಲಿನಲ್ಲಿ ಬರೆದಿದ್ದರು. ಪಾರ್ಲಿಮೆಂಟು ಒಪ್ಪಿತು. ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದು ಹಾಗೆ.

ಮೈಸೂರಿನಲ್ಲಿಯೂ ಇದಕ್ಕೆ ಸಮನಾದ ಒಂದು ಘಟನೆ ನಡೆಯಿತು, ಹಣದ ಮಾತಿಲ್ಲದೆ. ಕಳೆದ ಶತಮಾನದ ಆರಂಭದಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮ ಬಳಿಯಿದ್ದ ತಾಳೆಗರಿಯ ಕಟ್ಟೊಂದನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದರು. ಗ್ರಂಥಲಿಪಿಯ ಆ ಗರಿಗಳನ್ನು ಬಿಚ್ಚಿ ಓದಿದ ಆರ್. ಶಾಮಶಾಸ್ತ್ರಿಗಳು ಅದು ಶತಮಾನಗಳಿಂದ ಕಾಣೆಯಾಗಿದೆ ಎಂದು ವಿದ್ವಾಂಸರು ನಂಬಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಇತಿಹಾಸಕಾರರು ತಿಳಿದದ್ದು ಅಲ್ಲಿಂದ ಬದಲಾಯಿತು.

ಆ ಕಟ್ಟು ಅವರ ಮನೆಯ ಅಟ್ಟದಲ್ಲಿಯೇ ಉಳಿದಿದ್ದರೆ ಮುಂದಿನ ತಲೆಮಾರು ಅದನ್ನು ಏನು ಮಾಡುತ್ತಿತ್ತೋ ಹೇಳಲು ಬಾರದು. ಹೊಳೆಗೆ ಬಿಟ್ಟ, ನೀರೊಲೆಗೆ ಹಾಕಿದ ತಾಳೆಗರಿಗಳಿಗೆ ಈ ನಾಡಿನಲ್ಲಿ ಲೆಕ್ಕವಿಲ್ಲ. ಆ ಪಂಡಿತರು ಮಾಡಿದ್ದು ಒಂದೇ ಕೆಲಸ. ಓದಬಲ್ಲವರು ಇರುವ ಕಡೆಗೆ, ತಾವು ಇರುವಾಗಲೇ, ಅದನ್ನು ತಲುಪಿಸಿದರು.